ಬಿತ್ತುವ ಮುನ್ನ ನೆಲ ಹದ ಮಾಡೋಣ

ಪಿಯುಸಿಯ ಕ್ಯಾಲ್ಕ್ಯುಲಸ್ ಎಂದರೆ ಮಕ್ಕಳಿಗೆ ಅಂಜಿಕೆ. ಆದರೆ ಅಲ್ಲಿ ಕಾಲಿಗೆ ಎಡವುವ ಕಲ್ಲುಗಳೆಲ್ಲ ಏಳು, ಎಂಟು, ಒಂಬತ್ತನೇ ತರಗತಿಯ ದಾರಿಯಲ್ಲಿ ಉಳಿದವು. ಈ ರಜೆಯಲ್ಲಿ ಅಜ್ಜ-ಅಜ್ಜಿ, ಮೊಮ್ಮಕ್ಕಳು ಜೊತೆಗೂಡಿ ಅವನ್ನು ಹೆಕ್ಕಿ ಹಾಕಬಹುದು.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮನೆಗಳಲ್ಲಿ ಬೇಸಿಗೆ ರಜೆಯ ಹೊತ್ತಿಗೆ ಒಂದು ಮಾತು ಹರಿದಾಡುತ್ತದೆ. “ಸೈನ್ಸ್ ತಗೊಂಡ್ರೆ ಕ್ಯಾಲ್ಕ್ಯುಲಸ್ ಬರುತ್ತಂತೆ. ಅದು ಯಾರಿಗೂ ಅರ್ಥ ಆಗಲ್ವಂತೆ.” ಹೇಳಿದವರು ಪಕ್ಕದ ಮನೆಯ ಅಣ್ಣನಿರಬಹುದು, ಸೋದರಮಾವನ ಮಗಳಿರಬಹುದು. ಮಾತು ಕೇಳಿದ ಮಗು ಪುಸ್ತಕ ತೆರೆಯುವ ಮೊದಲೇ ಸೋತು ಕೂರುತ್ತದೆ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತಳಾದವಳು. ಕಿರುಪರೀಕ್ಷೆಗಳ ಉತ್ತರಪತ್ರಿಕೆ ತಿದ್ದುವಾಗ ನನಗೊಂದು ಅಭ್ಯಾಸವಿತ್ತು. ಲೆಕ್ಕ ಎಲ್ಲಿ ದಾರಿ ತಪ್ಪಿತೋ ಆ ಸಾಲಿನ ಪಕ್ಕದಲ್ಲಿ, ಅದು ಯಾವ ತರಗತಿಯಲ್ಲಿ ಕಲಿತ ವಿಷಯವೋ ಆ ತರಗತಿಯ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಭಿನ್ನರಾಶಿ ತಪ್ಪಿದರೆ 6. ಆವರಣ ಬಿಡಿಸುವಾಗ ಚಿಹ್ನೆ ತಪ್ಪಿದರೆ 7. ಅಪವರ್ತನ ತಪ್ಪಿದರೆ 8. ಕ್ಯಾಲ್ಕ್ಯುಲಸ್ ಪತ್ರಿಕೆಗಳ ಕಟ್ಟು ಮುಗಿಯುವ ಹೊತ್ತಿಗೆ ಅಂಚಿನ ತುಂಬ ಆರು, ಏಳು, ಎಂಟುಗಳೇ ಇರುತ್ತಿದ್ದವು. 11 ಅಥವಾ 12 ಎಂದು ಬರೆಯುವ ಸಂದರ್ಭ ತೀರ ಕಡಿಮೆ.

ಅಂದರೆ ಮಕ್ಕಳಿಗೆ ಕ್ಯಾಲ್ಕ್ಯುಲಸ್‌ನ ಹೊಸ ವಿಚಾರ ಅರ್ಥವಾಗಿರುತ್ತಿತ್ತು. ಅದರ ಕೆಳಗಿನ ಹಳೆಯ ಹಲಗೆ ಸಡಿಲವಾಗಿರುತ್ತಿತ್ತು. ಮಳೆ ಬರುವ ಮುಂಚೆ ರೈತ ಹೊಲ ಉತ್ತು, ಕಳೆ ಕಿತ್ತು, ಹೆಂಟೆ ಒಡೆದು ಇಡುತ್ತಾನಲ್ಲ, ಅಂಥದ್ದೇ ಕೆಲಸ ಇದು. ಬೀಜ ಒಳ್ಳೆಯದಿದ್ದರೂ ಹದವಿಲ್ಲದ ನೆಲದಲ್ಲಿ ಮೊಳೆಯುವುದಿಲ್ಲ.

ಎರಡು ಪ್ರಶ್ನೆಗಳ ಶಾಸ್ತ್ರ

ಮೊದಲು ಈ ಕ್ಯಾಲ್ಕ್ಯುಲಸ್ ಎಂದರೇನು ನೋಡೋಣ. ಕನ್ನಡದಲ್ಲಿ ಇದನ್ನು ಕಲನಶಾಸ್ತ್ರ ಎನ್ನುತ್ತೇವೆ. ಇದು ಕೇಳುವುದು ಎರಡೇ ಪ್ರಶ್ನೆ.

ಒಂದು: ಈಗ, ಈ ಕ್ಷಣದಲ್ಲಿ, ಎಷ್ಟು ವೇಗವಾಗಿ ಬದಲಾಗುತ್ತಿದೆ? ಬಸ್ಸು 120 ಕಿಲೋಮೀಟರ್ ದೂರವನ್ನು 3 ಗಂಟೆಯಲ್ಲಿ ಕ್ರಮಿಸಿದರೆ ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರ್. ಆದರೆ ದಾರಿಯುದ್ದಕ್ಕೂ ಡ್ರೈವರ್ ಮುಂದಿನ ಮುಳ್ಳು 40ರಲ್ಲೇ ನಿಂತಿರುವುದಿಲ್ಲ. ನೇರ ರಸ್ತೆಯಲ್ಲಿ 65 ತೋರಿಸುತ್ತದೆ, ನಿಲ್ದಾಣದಲ್ಲಿ ಸೊನ್ನೆ. ಆ ಮುಳ್ಳು ತೋರುವ ಕ್ಷಣದ ವೇಗವನ್ನು ಲೆಕ್ಕದಿಂದ ಹಿಡಿಯುವುದು ಅವಕಲನ. ತರಗತಿಯಲ್ಲಿ ಡಿಫರೆನ್ಷಿಯೇಷನ್ ಎನ್ನುತ್ತಾರೆ.

ಎರಡು: ಚೂರು ಚೂರಾಗಿ ಸೇರುತ್ತಿರುವುದೆಲ್ಲ ಒಟ್ಟು ಎಷ್ಟಾಯಿತು? ನಲ್ಲಿಯ ನೀರು ಒಮ್ಮೆ ಜೋರು, ಒಮ್ಮೆ ಸಣ್ಣಗೆ ಬರುತ್ತಿದೆ. ಸಂಜೆಗೆ ತೊಟ್ಟಿಯಲ್ಲಿ ಎಷ್ಟು ಲೀಟರ್ ಇದೆ? ಇದು ಅನುಕಲನ, ಅಂದರೆ ಇಂಟೆಗ್ರೇಷನ್. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ನಮ್ಮ ಗಾದೆಯೊಳಗೆ ಅನುಕಲನವೇ ಕೂತಿದೆ.

ಬಾವಿಗೆ ಬಿದ್ದ ಕಲ್ಲು

ಈಗ ಒಂದು ನಿಜವಾದ ಕ್ಯಾಲ್ಕ್ಯುಲಸ್ ಲೆಕ್ಕವನ್ನೇ ಮಾಡಿಬಿಡೋಣ. ಪಠ್ಯಪುಸ್ತಕದಲ್ಲಿ ಇಂಗ್ಲಿಷಿನ ಎಕ್ಸ್ ಇರುವಲ್ಲಿ ನಾನು ‘ಕ್ಷ’ ಎಂದೂ, ಎಚ್ ಇರುವಲ್ಲಿ ‘ಹ’ ಎಂದೂ ಬರೆಯುತ್ತೇನೆ. ಅಕ್ಷರ ಯಾವುದಾದರೂ ಲೆಕ್ಕ ಒಂದೇ.

ಆಳವಾದ ಬಾವಿಗೆ ಕಲ್ಲೊಂದನ್ನು ಮೆಲ್ಲಗೆ ಬಿಟ್ಟರೆ ಅದು ಬೀಳುವ ದೂರ ಸುಮಾರಾಗಿ ಹೀಗೆ: ಸೆಕೆಂಡುಗಳನ್ನು ವರ್ಗ ಮಾಡಿ 5ರಿಂದ ಗುಣಿಸಿದಷ್ಟು ಮೀಟರ್. 1 ಸೆಕೆಂಡಿಗೆ 5 ಮೀಟರ್, 2 ಸೆಕೆಂಡಿಗೆ 20 ಮೀಟರ್. ಹಾಗಾದರೆ ಸರಿಯಾಗಿ 1 ಸೆಕೆಂಡ್ ಆದ ಕ್ಷಣದಲ್ಲಿ ಕಲ್ಲಿನ ವೇಗ ಎಷ್ಟು?

1ರಿಂದ 2ನೇ ಸೆಕೆಂಡಿನವರೆಗೆ ನೋಡಿದರೆ 15 ಮೀಟರ್ ಬಿದ್ದಿದೆ. ವೇಗ ಸೆಕೆಂಡಿಗೆ 15 ಮೀಟರ್. ಆದರೆ ಅಷ್ಟರಲ್ಲಿ ಕಲ್ಲು ಇನ್ನಷ್ಟು ಜೋರಾಗಿದೆ. ಅವಧಿಯನ್ನು ಕಿರಿದು ಮಾಡೋಣ. 1ರಿಂದ 1.1 ಸೆಕೆಂಡಿನವರೆಗೆ ಬಿದ್ದದ್ದು 1.05 ಮೀಟರ್, ವೇಗ 10.5. 1ರಿಂದ 1.01 ಸೆಕೆಂಡಿನವರೆಗೆ ಬಿದ್ದದ್ದು 0.1005 ಮೀಟರ್, ವೇಗ 10.05. ಅವಧಿ ಕಿರಿದಾದಂತೆ ಉತ್ತರ 10ರ ಕಡೆಗೆ ಸರಿಯುತ್ತಿದೆ.

ಇದನ್ನೇ ಬೀಜಗಣಿತದಲ್ಲಿ ಬರೆಯೋಣ. ಕಿರಿದಾದ ಅವಧಿಯನ್ನು ‘ಹ’ ಎನ್ನೋಣ.

ಬಿದ್ದ ದೂರ = 5(1 + ಹ)² − 5
= 5 + 10ಹ + 5ಹ² − 5
= 10ಹ + 5ಹ²
ವೇಗ = (10ಹ + 5ಹ²) ÷ ಹ = 10 + 5ಹ

ಈಗ ‘ಹ’ ಸೊನ್ನೆಯ ಹತ್ತಿರ ಹತ್ತಿರ ಹೋದರೆ ವೇಗ 10ರ ಹತ್ತಿರ ಹತ್ತಿರ ಬರುತ್ತದೆ. ಹಾಗೆ ಹತ್ತಿರವಾಗುತ್ತ ಹೋಗುವ ಬೆಲೆಗೆ ಲಿಮಿಟ್ ಎಂದು ಹೆಸರು. ಆ ಕ್ಷಣದ ವೇಗ ಸೆಕೆಂಡಿಗೆ 10 ಮೀಟರ್.

ಮಕ್ಕಳೇ, ಈ ಲೆಕ್ಕವನ್ನು ಮತ್ತೊಮ್ಮೆ ನೋಡಿ. ಇದರಲ್ಲಿ ಹೊಸದು ಕೊನೆಯ ಒಂದು ಹೆಜ್ಜೆ ಮಾತ್ರ. (1 + ಹ)² ಬಿಡಿಸಿದ್ದು, 5ರಿಂದ 5 ಕಳೆದದ್ದು, ‘ಹ’ವನ್ನು ಹೊರಗೆ ತೆಗೆದು ಹೊಡೆದು ಹಾಕಿದ್ದು ಎಲ್ಲವೂ ಪ್ರೌಢಶಾಲೆಯ ಕೆಲಸ. ಅಷ್ಟು ಮಾಡದೆ ಮೊದಲೇ ‘ಹ’ ಜಾಗದಲ್ಲಿ ಸೊನ್ನೆ ಹಾಕಿದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ದಾರಿ ಅಲ್ಲೇ ಮುಚ್ಚಿಹೋಗುತ್ತದೆ. ಯಾರಾದರೂ (1 + ಹ)² ಅನ್ನು 1 + ಹ² ಎಂದು ಬರೆದರೆ ವೇಗ 5ಹ ಎಂದು ಬರುತ್ತದೆ. ‘ಹ’ ಸೊನ್ನೆಗೆ ಹೋದಾಗ ವೇಗವೂ ಸೊನ್ನೆ! ಬೀಳುತ್ತಿರುವ ಕಲ್ಲು ಬಾವಿಯ ನಡುವೆ ನಿಂತುಬಿಡುತ್ತದೆ. ಎಂಟನೇ ತರಗತಿಯ ಒಂದು ಸಣ್ಣ ಎಡವಟ್ಟು ಪಿಯುಸಿಯ ಲೆಕ್ಕವನ್ನು ಹೀಗೆ ಬೀಳಿಸುತ್ತದೆ.

ನ್ಯೂಟನ್ ಕೂಡ ಹಿಂದಕ್ಕೆ ಹೋಗಿದ್ದ

ಹಳೆಯ ಪಾಠಕ್ಕೆ ಮರಳುವುದು ಅವಮಾನ ಎಂದು ಕೆಲವು ಮಕ್ಕಳು ಭಾವಿಸುತ್ತಾರೆ. ಅವರಿಗೆ ನಾನು ಹೇಳುತ್ತಿದ್ದದ್ದು ಐಸಾಕ್ ನ್ಯೂಟನ್ ಕತೆ. ಅವನ ಬದುಕಿನ ಬಗ್ಗೆ ಗೆಳೆಯ ಡಿ ಮಾಯ್ವರ್ ಎಂಬ ಗಣಿತಜ್ಞ ನೆನಪಿಟ್ಟುಕೊಂಡು ಹೇಳಿದ್ದು ಇದು. 1663ರಲ್ಲಿ, ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದ ನ್ಯೂಟನ್ ಜಾತ್ರೆಯೊಂದರಲ್ಲಿ ಜ್ಯೋತಿಷದ ಪುಸ್ತಕ ಕೊಂಡ. ಅದರೊಳಗಿನ ಒಂದು ಚಿತ್ರ ಅರ್ಥವಾಗಬೇಕಾದರೆ ತ್ರಿಕೋನಮಿತಿ ಬೇಕಿತ್ತು. ತ್ರಿಕೋನಮಿತಿಯ ಪುಸ್ತಕ ತಂದ. ಅದು ಅರ್ಥವಾಗಬೇಕಾದರೆ ರೇಖಾಗಣಿತ ಬೇಕಿತ್ತು. ಕೊನೆಗೆ ಯೂಕ್ಲಿಡ್‌ನ ಪುಸ್ತಕ ಹಿಡಿದು ಬುಡದಿಂದ ಕಲಿತ.

ಆಮೇಲೆ ಡೆಕಾರ್ಟೆಯ ರೇಖಾಗಣಿತದ ಕಠಿಣ ಪುಸ್ತಕಕ್ಕೆ ಕೈಹಾಕಿದಾಗಲೂ ಹಾಗೆಯೇ. ಕೆಲವು ಪುಟ ಓದುತ್ತಿದ್ದ, ಸಿಕ್ಕಿಹಾಕಿಕೊಳ್ಳುತ್ತಿದ್ದ, ಮತ್ತೆ ಮೊದಲ ಪುಟಕ್ಕೆ ಬರುತ್ತಿದ್ದ. ಪ್ರತಿ ಸಲ ಇನ್ನೊಂದಿಷ್ಟು ಮುಂದೆ ಹೋಗುತ್ತಿದ್ದ. 1665ರಲ್ಲಿ ಪ್ಲೇಗ್ ಬಂದು ವಿಶ್ವವಿದ್ಯಾಲಯ ಮುಚ್ಚಿದಾಗ ಊರಿಗೆ ಮರಳಿದ ಈ ಹುಡುಗನೇ ಕ್ಯಾಲ್ಕ್ಯುಲಸ್‌ನ ಅಡಿಪಾಯ ಹಾಕಿದ. ಜರ್ಮನಿಯ ಲೈಬ್ನಿಟ್ಸ್ ಸ್ವತಂತ್ರವಾಗಿ ಅದೇ ಶಾಸ್ತ್ರವನ್ನು ಕಟ್ಟಿದ. ಇಂದಿಗೂ ಪುಸ್ತಕದಲ್ಲಿ ಕಾಣುವ ಉದ್ದನೆಯ ಅನುಕಲನ ಚಿಹ್ನೆ ಲೈಬ್ನಿಟ್ಸ್ 1675ರಲ್ಲಿ ಬರೆದದ್ದು.

ನಮ್ಮವರ ಕ್ರಮವೂ ಇದನ್ನೇ ಹೇಳುತ್ತದೆ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ‘ಸಿದ್ಧಾಂತ ಶಿರೋಮಣಿ’ಗೆ ನಾಲ್ಕು ಭಾಗ. ಮೊದಲನೆಯದು ‘ಲೀಲಾವತಿ’. ಅದರಲ್ಲಿ ಕೂಡುವುದು, ಕಳೆಯುವುದು, ಭಿನ್ನರಾಶಿ, ಕ್ಷೇತ್ರಫಲ. ಎರಡನೆಯದು ‘ಬೀಜಗಣಿತ’. ಇವೆರಡೂ ಆದ ಮೇಲೆ ಗ್ರಹಗಳ ಲೆಕ್ಕ ಬರುತ್ತದೆ. ಗ್ರಹದ ‘ತಾತ್ಕಾಲಿಕ ಗತಿ’, ಅಂದರೆ ಆ ಕ್ಷಣದ ವೇಗದ ವಿಚಾರವನ್ನು ಅವರು ಎತ್ತುವುದು ಅಲ್ಲಿ. ಮೂರನೇ ಮೆಟ್ಟಿಲಿಗೆ ಹಾರಿದವರಿಲ್ಲ. 14ನೇ ಶತಮಾನದಲ್ಲಿ ಕೇರಳದ ಸಂಗಮಗ್ರಾಮದ ಮಾಧವ ಕೊನೆಯಿಲ್ಲದ ಶ್ರೇಣಿಗಳಿಂದ ‘ಪೈ’ ಬೆಲೆ ಕಂಡುಹಿಡಿದರು. ಅದಕ್ಕೂ ತಳದಲ್ಲಿದ್ದದ್ದು ಭಿನ್ನರಾಶಿಯೇ.

ಹತ್ತಬೇಕಾದ ಆರು ಮೆಟ್ಟಿಲು

ಕ್ಯಾಲ್ಕ್ಯುಲಸ್ ತರಗತಿಗೆ ಹೋಗುವ ಮುನ್ನ ಯಾವುದನ್ನು ಗಟ್ಟಿ ಮಾಡಿಕೊಳ್ಳಬೇಕು? ಇಡೀ ಹತ್ತು ವರ್ಷದ ಪುಸ್ತಕಗಳನ್ನು ಮತ್ತೆ ಓದಬೇಕಾಗಿಲ್ಲ. ಆರು ವಿಷಯ ಸಾಕು.

1. ಭಿನ್ನರಾಶಿ. ½ಕ್ಕೆ ⅓ ಕೂಡಿಸಿ ಎಂದರೆ ಮೇಲಿನದನ್ನು ಮೇಲಕ್ಕೆ, ಕೆಳಗಿನದನ್ನು ಕೆಳಕ್ಕೆ ಕೂಡಿಸಿ ⅖ ಎನ್ನುವ ಮಕ್ಕಳಿದ್ದಾರೆ. ಅರ್ಧ ರೊಟ್ಟಿಗೆ ಇನ್ನೊಂದು ಚೂರು ಸೇರಿಸಿದರೆ ಅರ್ಧಕ್ಕಿಂತ ಹೆಚ್ಚಾಗಬೇಕಲ್ಲವೆ? ⅖ ಅರ್ಧಕ್ಕಿಂತ ಕಡಿಮೆ! ಸರಿ ಉತ್ತರ ⅚. ಛೇದಗಳಿಗೆ ಲ.ಸಾ.ಅ. ತೆಗೆದು ಕೂಡುವ ಈ ಕ್ರಮವನ್ನು ‘ನಿರುದ್ಧ’ ಎಂಬ ಹೆಸರಿನಲ್ಲಿ ವಿವರಿಸಿದವರು ಮಹಾವೀರಾಚಾರ್ಯರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ ಬರೆದವರು. ಅನುಕಲನದಲ್ಲಿ ಪಾರ್ಷಿಯಲ್ ಫ್ರ್ಯಾಕ್ಷನ್ ಎಂಬ ವಿಧಾನ ಬರುತ್ತದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ⅚ ಅನ್ನು ಮತ್ತೆ ½ ಮತ್ತು ⅓ ಆಗಿ ಬಿಡಿಸುವುದು. ಕೂಡಲು ಬಂದವರಿಗೆ ಬಿಡಿಸಲೂ ಬರುತ್ತದೆ.

2. ಚಿಹ್ನೆ ಮತ್ತು ಆವರಣ. 7 − (ಕ್ಷ − 3) ಎಂದರೆ 7 − ಕ್ಷ + 3. ಆವರಣದ ಹೊರಗಿನ ಋಣಚಿಹ್ನೆ ಒಳಗಿನ ಎಲ್ಲರ ಮನೆಗೂ ಹೋಗುತ್ತದೆ, ಮೊದಲ ಮನೆಗೆ ಹೋಗಿ ಸುಮ್ಮನಾಗುವುದಿಲ್ಲ. (−3)² ಎಂದರೆ 9. ಆವರಣವಿಲ್ಲದ −3² ಎಂದರೆ −9. ಅವಕಲನದ ಪ್ರತಿ ಲೆಕ್ಕದಲ್ಲೂ ಕಳೆಯುವ ಹೆಜ್ಜೆ ಇರುವುದರಿಂದ ಇಲ್ಲಿ ಜಾರಿದರೆ ಎಲ್ಲೆಡೆ ಜಾರುತ್ತೇವೆ.

3. ವಿಸ್ತರಣೆ, ಅಪವರ್ತನ, ಹೊಡೆದು ಹಾಕುವುದು. (3 + 4)² ಎಂದರೆ 49. 3² + 4² ಎಂದರೆ 25. ಉಳಿದ 24 ಎಲ್ಲಿ ಹೋಯಿತು? ಅಂಗಳದಲ್ಲಿ ಸೀಮೆಸುಣ್ಣದಿಂದ 7 ಗೇಣು ಉದ್ದ, 7 ಗೇಣು ಅಗಲದ ಚೌಕ ಬರೆಯಿರಿ. ಎರಡೂ ಬದಿಯನ್ನು 3 ಮತ್ತು 4 ಗೇಣಾಗಿ ಭಾಗ ಮಾಡಿ ಗೆರೆ ಎಳೆಯಿರಿ. ಒಂದು ದೊಡ್ಡ ಚೌಕ, ಒಂದು ಸಣ್ಣ ಚೌಕ, ಜೊತೆಗೆ 3 × 4ರ ಎರಡು ಆಯತ. ಕಳೆದುಹೋದ 24 ಆ ಎರಡು ಆಯತಗಳಲ್ಲಿದೆ. ಒಮ್ಮೆ ನೆಲದ ಮೇಲೆ ಬರೆದು ನೋಡಿದ ಮಗು ನಡುವಿನ ಪದವನ್ನು ಮರೆಯುವುದಿಲ್ಲ.

ಇನ್ನು ಹೊಡೆದು ಹಾಕುವ ವಿಷಯ. (ಕ್ಷ + 6) ÷ 6 ಎಂಬಲ್ಲಿ ಮೇಲಿನ 6, ಕೆಳಗಿನ 6 ಹೊಡೆದು ‘ಕ್ಷ’ ಎಂದು ಬರೆಯುವಂತಿಲ್ಲ. ಅನುಮಾನ ಬಂದರೆ ‘ಕ್ಷ’ ಜಾಗದಲ್ಲಿ 6 ಹಾಕಿ ನೋಡಿ. 12 ÷ 6 = 2. ಹೊಡೆದು ಹಾಕಿದ್ದರೆ 6 ಬರುತ್ತಿತ್ತು. ಗುಣಾಕಾರದಲ್ಲಿ ಇದ್ದರೆ ಮಾತ್ರ ಹೊಡೆಯಬಹುದು, ಕೂಡುವ ಚಿಹ್ನೆಯಿಂದ ಅಂಟಿಕೊಂಡಿದ್ದರೆ ಆಗದು. (ಕ್ಷ² − 9) ÷ (ಕ್ಷ − 3) ಬಂದಾಗ ಮೇಲಿನದನ್ನು (ಕ್ಷ − 3)(ಕ್ಷ + 3) ಎಂದು ಬಿಡಿಸಿದ ಮೇಲೆ ಹೊಡೆಯಬೇಕು. ಲಿಮಿಟ್ ಪಾಠದ ಮೊದಲ ಅಭ್ಯಾಸದಲ್ಲೇ ಇಂಥ ಲೆಕ್ಕ ಎದುರಾಗುತ್ತದೆ.

4. ಘಾತಾಂಕ. 2³ = 8, 2² = 4, 2¹ = 2. ಒಂದೊಂದು ಮೆಟ್ಟಿಲು ಇಳಿದಾಗಲೂ ಅರ್ಧವಾಗುತ್ತಿದೆ. ಹಾಗೇ ಇಳಿಯುತ್ತ ಹೋದರೆ 2⁰ = 1, 2⁻¹ = ½, 2⁻² = ¼. ಇದರಲ್ಲಿ ಬಾಯಿಪಾಠ ಮಾಡುವುದೇನೂ ಇಲ್ಲ, ಮೆಟ್ಟಿಲು ಎಣಿಸಿದರಾಯಿತು. ವರ್ಗಮೂಲವೆಂದರೆ ಘಾತ ½. ಇದು ಯಾಕೆ ಮುಖ್ಯ? ಛೇದದಲ್ಲಿರುವ ಕ್ಷ² ಅನ್ನು ಕ್ಷ⁻² ಎಂದು ಬರೆಯಲು ಬಂದರೆ ಅವಕಲನ ಒಂದು ಸಾಲಿನ ಕೆಲಸ. ಬಾರದಿದ್ದರೆ ಅರ್ಧ ಪುಟ.

5. ಫಂಕ್ಷನ್ ಮತ್ತು ಇಳಿಜಾರು. ಫಂಕ್ಷನ್ ಎಂದರೆ ಹಿಟ್ಟಿನ ಗಿರಣಿ ಇದ್ದಂತೆ. ರಾಗಿ ಹಾಕಿದರೆ ರಾಗಿ ಹಿಟ್ಟು, ಗೋಧಿ ಹಾಕಿದರೆ ಗೋಧಿ ಹಿಟ್ಟು. ಗಿರಣಿಯ ನಿಯಮ ‘ವರ್ಗ ಮಾಡು’ ಎಂದಿದ್ದರೆ 3 ಹಾಕಿದಾಗ 9 ಬರುತ್ತದೆ. ‘ಕ್ಷ + ಹ’ ಹಾಕಿದರೆ (ಕ್ಷ + ಹ)² ಬರಬೇಕು. ಚೀಲದಲ್ಲಿರುವುದನ್ನೆಲ್ಲ ಒಟ್ಟಿಗೆ ಗಿರಣಿಗೆ ಹಾಕಬೇಕು, ಅರ್ಧ ಹೊರಗೆ ಉಳಿಸಬಾರದು. ಇಳಿಜಾರು ಎಂದರೆ ಎಷ್ಟು ಮುಂದೆ ಹೋದರೆ ಎಷ್ಟು ಮೇಲೆ ಹೋದೆವು ಎಂಬ ಲೆಕ್ಕ. 4 ಅಡಿ ಮುಂದೆ ಹೋಗುವಷ್ಟರಲ್ಲಿ 1 ಅಡಿ ಏರಿದರೆ ಇಳಿಜಾರು ¼. ಅವಕಲನವೆಂದರೆ ಬಾಗಿದ ಗೆರೆಯ ಮೇಲಿನ ಒಂದು ಬಿಂದುವಿನಲ್ಲಿ ಇಳಿಜಾರು ಕಂಡುಹಿಡಿಯುವುದು. ನೇರ ಗೆರೆಯ ಇಳಿಜಾರು ಗೊತ್ತಿದ್ದವರಿಗೆ ಅದು ಮುಂದಿನ ಒಂದು ಹೆಜ್ಜೆ.

6. ತ್ರಿಕೋನಮಿತಿ. ಸೈನ್, ಕಾಸ್, ಟ್ಯಾನ್‌ಗಳ ಬೆಲೆಯನ್ನು 0, 30, 45, 60, 90 ಡಿಗ್ರಿಗಳಿಗೆ ಥಟ್ಟನೆ ಹೇಳಲು ಬರಬೇಕು. ಸೂರ್ಯ 45 ಡಿಗ್ರಿ ಎತ್ತರದಲ್ಲಿರುವಾಗ ತೆಂಗಿನ ಮರದ ನೆರಳು ಮರದಷ್ಟೇ ಉದ್ದ, ಏಕೆಂದರೆ ಟ್ಯಾನ್ 45° = 1. ಜೊತೆಗೆ ರೇಡಿಯನ್ ಅಳತೆ: 180 ಡಿಗ್ರಿ ಎಂದರೆ ಪೈ ರೇಡಿಯನ್. ಕ್ಯಾಲ್ಕ್ಯುಲಸ್‌ನಲ್ಲಿ ಕೋನವನ್ನು ಅಳೆಯುವುದು ರೇಡಿಯನ್‌ನಲ್ಲಿ.

ಭಾಷೆಯ ಹೊಸ್ತಿಲು

ಈ ಆರು ಮೆಟ್ಟಿಲು ಹತ್ತಿದವರೂ ಮುಗ್ಗರಿಸುವ ಒಂದು ಹೊಸ್ತಿಲಿದೆ. ಅದರ ಬಗ್ಗೆ ಹೇಳಲೇಬೇಕು.

ಒಮ್ಮೆ ನನ್ನ ತರಗತಿಗೆ ಒಬ್ಬಳು ಹುಡುಗಿ ಸೇರಿದ್ದಳು. ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಗಣಿತದಲ್ಲಿ ಒಳ್ಳೆಯ ಅಂಕ ಪಡೆದವಳು. ಇಂಜಿನಿಯರ್ ಆಗಬೇಕೆಂಬ ಆಸೆ. ತರಗತಿ ಶುರುವಾಗಿ ಕೆಲವೇ ವಾರಕ್ಕೆ ಗಣಿತ ಬಿಡುತ್ತೇನೆಂದು ಅರ್ಜಿ ಹಿಡಿದು ಬಂದಳು. ಜೊತೆಯಲ್ಲಿ ಅವಳ ಅಜ್ಜ. ಅಜ್ಜ ಒಳಗೆ ಬರಲು ಸಂಕೋಚಪಟ್ಟು ವರಾಂಡದಲ್ಲೇ ನಿಂತಿದ್ದರು.

“ಯಾಕಮ್ಮ ಬಿಡ್ತೀಯ?” ಎಂದೆ.

“ನನಗೆ ಎಲ್ಲ ಮರೆತುಹೋಗಿದೆ ಮೇಡಂ. ಬೋರ್ಡ್ ಮೇಲೆ ಬರೆಯೋದು ಒಂದೂ ಗೊತ್ತಾಗಲ್ಲ,” ಎಂದಳು. ಕಣ್ಣಲ್ಲಿ ನೀರಿತ್ತು.

ಕಾಗದದ ಮೇಲೆ ಎರಡು ಭಿನ್ನರಾಶಿ ಬರೆದು, “ಛೇದ ಸಮ ಮಾಡಿ ಕೂಡು,” ಎಂದೆ. ಅರೆಗಳಿಗೆಯಲ್ಲಿ ಮಾಡಿದಳು. “ಅಪವರ್ತಿಸು,” ಎಂದು ಇನ್ನೊಂದು ಕೊಟ್ಟೆ. ಅದನ್ನೂ ಮಾಡಿದಳು. ಹುಡುಗಿ ಏನನ್ನೂ ಮರೆತಿರಲಿಲ್ಲ. ತರಗತಿಯಲ್ಲಿ ಡಿನಾಮಿನೇಟರ್, ಫ್ಯಾಕ್ಟರ್, ಎಕ್ಸ್‌ಪೊನೆಂಟ್ ಎನ್ನುವಾಗ ಅವು ತನಗೆ ಗೊತ್ತಿರುವ ಛೇದ, ಅಪವರ್ತನ, ಘಾತಾಂಕಗಳೇ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೇಳಿದರೆ ನಗುತ್ತಾರೆಂದು ಅವಳೂ ಕೇಳಿರಲಿಲ್ಲ.

ಅಜ್ಜನನ್ನು ಒಳಗೆ ಕರೆದು ವಿಷಯ ತಿಳಿಸಿದೆ. ಮರುದಿನವೇ ಅವರು ಒಂದು ನೋಟ್‌ಬುಕ್ ಕೊಡಿಸಿ, ಪ್ರತಿ ಪುಟದ ನಡುವೆ ತಾವೇ ಗೆರೆ ಎಳೆದುಕೊಟ್ಟರಂತೆ. ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ. ರಾತ್ರಿ ಊಟವಾದ ಮೇಲೆ ಅಜ್ಜ ಕನ್ನಡದ್ದನ್ನು ಓದುತ್ತಿದ್ದರು, ಮೊಮ್ಮಗಳು ಇಂಗ್ಲಿಷಿನದ್ದನ್ನು ಹೇಳುತ್ತಿದ್ದಳು. ಅಷ್ಟಕ್ಕೇ ಬಿಡದೆ ಅಜ್ಜ, “ಹಂಗಂದ್ರೆ ಏನವ್ವ?” ಎಂದು ಕೇಳುತ್ತಿದ್ದರಂತೆ. ಆ ಒಂದು ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಅವಳ ಗಣಿತ ಗಟ್ಟಿಯಾಯಿತು. ದಸರಾ ರಜೆಯ ಹೊತ್ತಿಗೆ ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳತೊಡಗಿದ್ದಳು. ಮುಂದೆ ಸಿವಿಲ್ ಇಂಜಿನಿಯರಿಂಗ್ ಓದಲು ಹೋದಳು. ಆ ಅರ್ಜಿ ಕಚೇರಿಯ ಮೆಟ್ಟಿಲು ಹತ್ತಲೇ ಇಲ್ಲ.

ಆದ್ದರಿಂದ ಕನ್ನಡ ಮಾಧ್ಯಮದ ಮಕ್ಕಳೇ, ಒಂದು ಪದಪಟ್ಟಿ ಮಾಡಿಕೊಳ್ಳಿ. ಅಂಶ ಎಂದರೆ ನ್ಯೂಮರೇಟರ್. ಛೇದ ಎಂದರೆ ಡಿನಾಮಿನೇಟರ್. ಲ.ಸಾ.ಅ. ಎಂದರೆ ಎಲ್‌ಸಿಎಂ. ಸಮೀಕರಣ ಎಂದರೆ ಈಕ್ವೇಷನ್. ವರ್ಗಮೂಲ ಎಂದರೆ ಸ್ಕ್ವೇರ್ ರೂಟ್. ಇಳಿಜಾರು ಎಂದರೆ ಸ್ಲೋಪ್. ಸ್ಪರ್ಶಕ ಎಂದರೆ ಟ್ಯಾಂಜೆಂಟ್. ಇಂಥ ನಲವತ್ತು ಐವತ್ತು ಪದ ಗೊತ್ತಾದರೆ ನಿಮ್ಮ ಹತ್ತು ವರ್ಷದ ಕಲಿಕೆ ಒಂದು ಚೂರೂ ವ್ಯರ್ಥವಾಗುವುದಿಲ್ಲ.

ಅಜ್ಜ-ಅಜ್ಜಿಯರ ಪಾಲು

“ನಮಗೆ ಈಗಿನ ಲೆಕ್ಕ ಎಲ್ಲಿ ಬರುತ್ತೆ?” ಎಂದು ಹಿರಿಯರು ಹಿಂದೆ ಸರಿಯುತ್ತೀರಿ. ನಿಮ್ಮ ಹತ್ತಿರ ಇರುವ ಗಣಿತ ಎಷ್ಟು ದೊಡ್ಡದೆಂದು ನಿಮಗೇ ನೆನಪಿಲ್ಲ. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಹೇಳಿದವರು ನೀವು. ವೀಸ ಎಂದರೆ ಹದಿನಾರರಲ್ಲಿ ಒಂದು ಎಂದು ಬಲ್ಲವರು.

ಆಣೆಯ ಲೆಕ್ಕವನ್ನೇ ತೆಗೆದುಕೊಳ್ಳಿ. 1957ರ ಏಪ್ರಿಲ್ 1ರಂದು ನಯಾಪೈಸೆ ಬರುವವರೆಗೆ ರೂಪಾಯಿಗೆ 16 ಆಣೆ. ಕಾಲು ರೂಪಾಯಿಗೆ ಅರೆಕಾಲು ರೂಪಾಯಿ ಸೇರಿಸಿದರೆ ಎಷ್ಟು? ನಾಲ್ಕಾಣೆಗೆ ಎರಡಾಣೆ, ಒಟ್ಟು ಆರಾಣೆ. ಹದಿನಾರರಲ್ಲಿ ಆರು, ಅಂದರೆ ⅜. ¼ + ⅛ ಎಂಬ ಲೆಕ್ಕ ಮುಗಿದೇ ಹೋಯಿತು! ಆಣೆ ಎಂಬುದು ಯಾರೋ ಮೊದಲೇ ಸಿದ್ಧ ಮಾಡಿಟ್ಟ ಸಾಮಾನ್ಯ ಛೇದ. ಇದನ್ನು ಮೊಮ್ಮಕ್ಕಳಿಗೆ ಹೇಳಿ. ಅವರು ಕಣ್ಣರಳಿಸುತ್ತಾರೆ.

ಸಂತೆಗೆ ಹೋಗುವಾಗ ಜೊತೆಗೆ ಕರೆದೊಯ್ಯಿರಿ. ಕಿಲೋಗೆ 48 ರೂಪಾಯಿಯಂತೆ ಎರಡೂಮುಕ್ಕಾಲು ಕಿಲೋಗೆ ಎಷ್ಟು? ಮೊಬೈಲ್ ತೆಗೆಯುವ ಮೊದಲು ಬಾಯಲ್ಲಿ ಹೇಳಲಿ. 96ಕ್ಕೆ 36 ಸೇರಿ 132.

ನಿಮ್ಮಿಂದ ಆಗಬೇಕಾದ ಇನ್ನೂ ದೊಡ್ಡ ಕೆಲಸ ಕೇಳುವುದು. ಮಗು ಒಂದು ಲೆಕ್ಕ ಮಾಡಿ ಮುಗಿಸಿದಾಗ, “ಈ ಸಾಲಿನಿಂದ ಈ ಸಾಲಿಗೆ ಹೇಗೆ ಬಂದೆ?” ಎಂದು ಕೇಳಿ. ಉತ್ತರ ನಿಮಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಹೇಳುವಾಗ ಮಗು ತಡವರಿಸಿದರೆ ಆ ಜಾಗ ಸಡಿಲವಾಗಿದೆ ಎಂದು ಅದಕ್ಕೇ ಗೊತ್ತಾಗುತ್ತದೆ. ಒಂದು ಮಾತನ್ನು ಮಾತ್ರ ದಯವಿಟ್ಟು ಆಡಬೇಡಿ: “ನಮ್ಮ ವಂಶಕ್ಕೇ ಲೆಕ್ಕ ಹತ್ತಲ್ಲ.” ತಮಾಷೆಗೆ ಆಡಿದರೂ ಮಕ್ಕಳು ಅದನ್ನು ಜಾತಕದಂತೆ ನಂಬಿಬಿಡುತ್ತಾರೆ.

ಹದಿನೈದು ದಿನದ ವೇಳಾಪಟ್ಟಿ

ದಿನಕ್ಕೆ ಮುಕ್ಕಾಲು ಗಂಟೆ ಸಾಕು. ಬೆಳಗಿನ ತಂಪು ಹೊತ್ತಾದರೆ ಒಳ್ಳೆಯದು.

1ನೇ ದಿನ: ಕೆಳಗಿನ ಹತ್ತು ಪ್ರಶ್ನೆ. ಪುಸ್ತಕ ನೋಡಬಾರದು.
2ರಿಂದ 4: ಭಿನ್ನರಾಶಿ, ಚಿಹ್ನೆ, ಆವರಣ.
5ರಿಂದ 7: ವಿಸ್ತರಣೆ, ಅಪವರ್ತನ, ವರ್ಗಸಮೀಕರಣ.
8 ಮತ್ತು 9: ಘಾತಾಂಕ, ವರ್ಗಮೂಲ.
10 ಮತ್ತು 11: ಫಂಕ್ಷನ್, ನಕ್ಷೆ, ಇಳಿಜಾರು.
12 ಮತ್ತು 13: ತ್ರಿಕೋನಮಿತಿ, ರೇಡಿಯನ್.
14ನೇ ದಿನ: ಪದಪಟ್ಟಿಯ ಪರೀಕ್ಷೆ. ಪರೀಕ್ಷಕರು ಅಜ್ಜಿ ಅಥವಾ ಅಜ್ಜ.
15ನೇ ದಿನ: ಅದೇ ಹತ್ತು ಪ್ರಶ್ನೆ, ಸಂಖ್ಯೆಗಳನ್ನು ಬದಲಿಸಿ.

ಪದಪಟ್ಟಿಗೆ ದಿನಕ್ಕೆ ನಾಲ್ಕು ಪದ ಸೇರಿಸುತ್ತ ಹೋಗಿ. ಮೊದಲ ದಿನದ ಪ್ರಶ್ನೆಗಳಲ್ಲಿ ಯಾವುದು ಸರಿಯಾಗಿದೆಯೋ ಆ ವಿಷಯಕ್ಕೆ ಕಡಿಮೆ ಹೊತ್ತು ಕೊಡಿ. ತಪ್ಪಿದ್ದಕ್ಕೆ ಹೆಚ್ಚು ಹೊತ್ತು ಕೊಡಿ. ಬರುವುದನ್ನೇ ಮತ್ತೆ ಮತ್ತೆ ಮಾಡಿ ಖುಷಿಪಡುವುದು ಸುಲಭ, ಆದರೆ ಅದರಿಂದ ಕಳೆ ಹೋಗುವುದಿಲ್ಲ. ದಿನಕ್ಕೆ ಐವತ್ತು ಲೆಕ್ಕ ಬೇಡ. ಹತ್ತು ಲೆಕ್ಕ, ಪ್ರತಿ ಸಾಲಿಗೂ ಕಾರಣ ಹೇಳುವಂತೆ ಮಾಡಿದರೆ ಸಾಕು.

ನೀವೇ ಪರೀಕ್ಷಿಸಿಕೊಳ್ಳಿ

1. ⅔ + ¾ ಎಷ್ಟು?
2. ಅರ್ಧವನ್ನು ⅛ರಿಂದ ಭಾಗಿಸಿದರೆ ಎಷ್ಟು?
3. 7 − 2(3 − 5) ಎಷ್ಟು?
4. (5 + 2)² ಮತ್ತು 5² + 2² ಇವುಗಳ ವ್ಯತ್ಯಾಸ ಎಷ್ಟು?
5. ಕ್ಷ² − 5ಕ್ಷ + 6 ಅನ್ನು ಅಪವರ್ತಿಸಿ.
6. 2⁵ × 2⁻³ ಎಷ್ಟು?
7. ಗಿರಣಿಯ ನಿಯಮ ‘ವರ್ಗ ಮಾಡಿ 1 ಕೂಡಿಸು’. 3 ಹಾಕಿದರೆ ಏನು ಬರುತ್ತದೆ? ‘ಕ್ಷ + 1’ ಹಾಕಿದರೆ?
8. (1, 2) ಮತ್ತು (4, 11) ಬಿಂದುಗಳನ್ನು ಸೇರಿಸುವ ಗೆರೆಯ ಇಳಿಜಾರು ಎಷ್ಟು?
9. ಸೈನ್ 30° + ಕಾಸ್ 60° ಎಷ್ಟು?
10. 60 ಡಿಗ್ರಿ ಎಂದರೆ ಎಷ್ಟು ರೇಡಿಯನ್?

ಹತ್ತರಲ್ಲಿ ನಾಲ್ಕೇ ಸರಿಯಾದರೂ ಮುಖ ಬಾಡಿಸಿಕೊಳ್ಳಬೇಡಿ. ಆರು ಕಡೆ ಯಾವ ಕೆಲಸ ಮಾಡಬೇಕೆಂದು ನಿಮಗೆ ತರಗತಿ ಶುರುವಾಗುವ ಮೊದಲೇ ಗೊತ್ತಾಯಿತು. ಜೂನ್‌ನಲ್ಲಿ ಉಪನ್ಯಾಸಕರು ಬೋರ್ಡಿನ ಮೇಲೆ ‘ಹ ಸೊನ್ನೆಯತ್ತ ಸರಿದಾಗ’ ಎಂದು ಬರೆಯುವ ಹೊತ್ತಿಗೆ ನಿಮ್ಮ ಗಮನವೆಲ್ಲ ಆ ಒಂದು ಹೊಸ ಹೆಜ್ಜೆಯ ಮೇಲಿರುತ್ತದೆ. ಉಳಿದದ್ದನ್ನು ಕೈ ತಾನಾಗಿ ಬರೆದುಕೊಂಡು ಹೋಗುತ್ತದೆ. ಆಗ ಬೀಳುವ ಕಲ್ಲಿನ ವೇಗವನ್ನು ಕ್ಷಣಕ್ಕೆ ಹಿಡಿಯುವ ಆ ಸೊಗಸು ಇದೆಯಲ್ಲ, ಅದನ್ನು ಸವಿಯಲು ಬಿಡುವು ಸಿಗುತ್ತದೆ.

ಉತ್ತರಗಳು: 1) 17/12. 2) 4. 3) 11. 4) 49 − 29 = 20. 5) (ಕ್ಷ − 2)(ಕ್ಷ − 3). 6) 4. 7) 10, ಕ್ಷ² + 2ಕ್ಷ + 2. 8) 3. 9) 1. 10) ಪೈಯನ್ನು 3ರಿಂದ ಭಾಗಿಸಿದಷ್ಟು.